ಯಾವ ಷರ್ಲಾಕ್ ಹೋಮ್ಸ್ ಚೆನ್ನಾಗಿದ್ದಾನೆ ಅಂತ ಕೇಳುವವರಿಗೆ: ನೀವೇ ಹೋಲಿಸಿ ನೋಡುವ ಕ್ರಮ

ಮಳೆಗಾಲ ಹಿಡಿದರೆ ಸಾಕು, ಈ ಪ್ರಶ್ನೆ ಶುರು. "ಷರ್ಲಾಕ್ ಹೋಮ್ಸ್ ನೋಡಬೇಕು ಅಂತಿದ್ದೀನಿ, ಯಾರದ್ದು ನೋಡಲಿ? ಬ್ರೆಟ್ಟಾ, ಕಂಬರ್‌ಬ್ಯಾಚಾ?" (ಹೋಮ್ಸ್ ಅಂದರೆ ಹಳೇ ಇಂಗ್ಲಿಷ್ ಕಥೆಗಳ ಪತ್ತೇದಾರ, ಇವರಿಬ್ಬರೂ ತೆರೆ ಮೇಲೆ ಆ ಪಾತ್ರ ಮಾಡಿದ ನಟರು.) ಮೆಸೇಜಲ್ಲಿ ಕೇಳುತ್ತಾರೆ, ಫೋನಲ್ಲಿ ಕೇಳುತ್ತಾರೆ, ಚಿಕ್ಕಮಗಳೂರಿನ ಎಂ.ಜಿ. ರೋಡಲ್ಲಿ ಒಂದು ಕೈಲಿ ಕೊಡೆ, ಇನ್ನೊಂದು ಕೈಲಿ ತರಕಾರಿ ಚೀಲ ಹಿಡಿದು ನಿಂತಿರುವಾಗಲೂ ಕೇಳುತ್ತಾರೆ. ನಾನು ಒಂದು ಹೆಸರು ಹೇಳಿದೆ ಅಂತಿಟ್ಟುಕೊಳ್ಳಿ. ಅರ್ಧ ಜನ ತಲೆ ಆಡಿಸುತ್ತಾರೆ, ಇನ್ನರ್ಧ ಜನ ಮುಖ ಸಿಂಡರಿಸುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಅದಕ್ಕೇ ಈ ಸಲ ಹೆಸರು ಹೇಳುವ ಬದಲು ಕ್ರಮ ಹೇಳಿಕೊಡುತ್ತೇನೆ. ನೀವೇ ನೋಡಿ, ನೀವೇ ಬರೆದುಕೊಳ್ಳಿ, ಆಮೇಲೆ ಬೇಕಾದರೆ ನನ್ನ ಜೊತೆ ಜಗಳಕ್ಕೆ ಬನ್ನಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಮುಂದಿನದ್ದೆಲ್ಲ ಅದರ ಮೇಲೇ ನಿಂತಿದೆ. ಹೋಮ್ಸ್ ಪಾತ್ರ ಮಾಡಿದವರನ್ನು ಅಳೆಯಬೇಕಾದ್ದು ಅವರು ಪಟಪಟ ಅಂತ ಪತ್ತೆ ಮಾಡಿ ಹೇಳುವಾಗ ಅಲ್ಲ. ಎದುರು ಕುರ್ಚಿಯಲ್ಲಿ ಯಾರೋ ಕೂತು ತಮ್ಮ ಕಷ್ಟ ಹೇಳಿಕೊಳ್ಳುತ್ತಾರಲ್ಲ, ಆಗ ಅದನ್ನು ಹೇಗೆ ಕೇಳಿಸಿಕೊಳ್ಳುತ್ತಾರೆ ಅನ್ನುವುದರಲ್ಲಿ. ಪತ್ತೆ ಮಾಡುವ ಮಾತನ್ನು ಯಾರೋ ಬರೆದುಕೊಟ್ಟಿರುತ್ತಾರೆ. ನೆನಪಿನ ಶಕ್ತಿ ಇದ್ದವರು ಯಾರು ಹೇಳಿದರೂ ಅದು ಚೆನ್ನಾಗಿಯೇ ಕೇಳುತ್ತದೆ. ಸುಮ್ಮನೆ ಕೂತು ಕೇಳಿಸಿಕೊಳ್ಳುವುದಕ್ಕೆ ಡೈಲಾಗ್ ಇಲ್ಲ. ಅಲ್ಲಿ ನಟನ ಕೈಯಲ್ಲಿರುವುದು ಅವನ ಮುಖ, ಅವನ ಕೈಬೆರಳು, ಅಷ್ಟೇ.

ಏನೇನು ಬೇಕು

ಒಂದು ನೋಟ್‌ಬುಕ್. ಒಂದೇ ಕಥೆಯ ನಾಲ್ಕೈದು ಚಿತ್ರರೂಪ. ಸುಮಾರು ಒಂದೂವರೆ ತಿಂಗಳು ಸಮಯ, ವಾರಕ್ಕೆ ಒಂದು ಸಂಜೆ. ಸಾಧ್ಯವಾದರೆ ಜೊತೆಗೆ ನೋಡುವವರು ಒಬ್ಬರೋ ಇಬ್ಬರೋ, ಅದಕ್ಕಿಂತ ಜಾಸ್ತಿ ಬೇಡ, ಜಾಸ್ತಿ ಆದರೆ ಚಕ್ಕುಲಿ ಖಾಲಿಯಾಗುತ್ತದೆ, ಸಿನಿಮಾ ಮಾತ್ರ ಯಾರೂ ನೋಡಿರುವುದಿಲ್ಲ.

ಕಥೆ ಯಾವುದು ಅಂದರೆ, 'ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್', ಜೌಗು ಬಯಲಿನ ಬಾಸ್ಕರ್‌ವಿಲ್ ಮನೆತನವನ್ನು ಕಾಡುವ ಬೇಟೆನಾಯಿಯ ಕಥೆ. ಆರ್ಥರ್ ಕಾನನ್ ಡಾಯ್ಲ್ ಇದನ್ನು 1901-02ರಲ್ಲಿ 'ದಿ ಸ್ಟ್ರ್ಯಾಂಡ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದರು. ಹೆಚ್ಚುಕಡಿಮೆ ಹೆಸರು ಮಾಡಿದ ಹೋಮ್ಸ್‌ಗಳೆಲ್ಲ ಈ ಕಥೆಯನ್ನು ಮಾಡಿದ್ದಾರೆ. ಅದಕ್ಕೇ ಹೋಲಿಸುವುದಕ್ಕೆ ಇದು ಸುಲಭ. ಒಬ್ಬರ ಒಂದು ಕಥೆಯನ್ನು ಇನ್ನೊಬ್ಬರ ಇನ್ಯಾವುದೋ ಕಥೆಯ ಜೊತೆ ಹೋಲಿಸಿದರೆ ನೀವು ತೂಗುತ್ತಿರುವುದು ಕಥೆಗಳನ್ನು, ನಟರನ್ನಲ್ಲ. ಬಹಳ ಜನ ಎಡವುವುದು ಇಲ್ಲೇ.

1. ಮೊದಲು ಪುಸ್ತಕದ ಮೂರು ಅಧ್ಯಾಯ ಓದಿ

ಪೂರ್ತಿ ಓದಿದರೆ ಒಳ್ಳೆಯದು, ಆಗದಿದ್ದರೆ ಮೊದಲ ಮೂರು ಅಧ್ಯಾಯ ಸಾಕು. ಡಾಯ್ಲ್ ತೀರಿಕೊಂಡಿದ್ದು 1930ರಲ್ಲಿ, ಹಕ್ಕುಸ್ವಾಮ್ಯ ಮುಗಿದು ಎಷ್ಟೋ ಕಾಲ ಆಯಿತು. ಪ್ರಾಜೆಕ್ಟ್ ಗುಟನ್‌ಬರ್ಗ್ ತಾಣದಲ್ಲಿ ಇಂಗ್ಲಿಷ್ ಮೂಲ ಪುಕ್ಕಟೆ ಸಿಗುತ್ತದೆ, ಕದಿಯುವ ಅಗತ್ಯ ಇಲ್ಲ.

ಈ ವಿಷಯದ ಬಗ್ಗೆ ಓದುವಾಗ 'ಕ್ಯಾನನ್' ಅನ್ನುವ ಪದ ಪದೇ ಪದೇ ಎದುರಾಗುತ್ತದೆ. ಹೆದರಬೇಡಿ. ಡಾಯ್ಲ್ ಸ್ವತಃ ಬರೆದ 4 ಕಾದಂಬರಿ ಮತ್ತು 56 ಸಣ್ಣ ಕಥೆ, ಒಟ್ಟು 60, ಇದಕ್ಕೆ ಕ್ಯಾನನ್ ಅನ್ನುತ್ತಾರೆ. ಮೊದಲನೆಯದು 1887ರಲ್ಲಿ ಬಂತು, ಕೊನೆಯದು 1927ರಲ್ಲಿ. ಉಳಿದದ್ದೆಲ್ಲ ಬೇರೆಯವರ ಕೈಚಳಕ.

ಓದುವಾಗ ಮೂರು ವಿಷಯ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಒಂದು, ವಯಸ್ಸು. 1914ರಲ್ಲಿ ನಡೆಯುವ ಒಂದು ಕಥೆಯಲ್ಲಿ ಹೋಮ್ಸ್‌ಗೆ 60 ವರ್ಷ ಅಂತ ಬರುತ್ತದೆ. ಅಂದರೆ ಹುಟ್ಟಿದ್ದು 1854ರ ಹೊತ್ತಿಗೆ. ಹೌಂಡ್ ಕಥೆ ನಡೆಯುವುದು 1889ರಲ್ಲಿ, ಲೆಕ್ಕ ಹಾಕಿ, ಆಗ ಅವನಿಗೆ 35! ನಮ್ಮ ತಲೆಯಲ್ಲಿ ಕೂತಿರುವ ಹೋಮ್ಸ್‌ಗೆ ಯಾವಾಗಲೂ 50 ದಾಟಿರುತ್ತದೆ, ಅದು ಸಿನಿಮಾ ಕೂರಿಸಿದ್ದು. ಎರಡು, ಮೈಕಟ್ಟು. ಆರಡಿಗಿಂತ ತುಸು ಎತ್ತರ, ವಿಪರೀತ ಸಣಕಲು, ಗಿಡುಗನ ಮೂಗು. ಮೂರು, ನಡತೆ. ಪುಸ್ತಕದ ಹೋಮ್ಸ್ ಪೊಲೀಸರ ಮೇಲೆ ರೇಗುತ್ತಾನೆ, ಜೊತೆಗಾರ ಡಾಕ್ಟರ್ ವ್ಯಾಟ್ಸನ್‌ನನ್ನು ಚುಚ್ಚುತ್ತಾನೆ, ಆದರೆ ಕಷ್ಟ ಅಂತ ಬಾಗಿಲಿಗೆ ಬಂದವರ ಜೊತೆ, ಅದರಲ್ಲೂ ಹೆದರಿ ಬಂದ ಹೆಂಗಸರ ಜೊತೆ, ತುಂಬಾ ಮರ್ಯಾದೆಯಿಂದ ಮಾತಾಡುತ್ತಾನೆ. ಈ ಮೂರನೆಯದನ್ನು ಕೆಂಪು ಇಂಕಲ್ಲಿ ಬರೆದುಕೊಳ್ಳಿ.

2. ಯಾವ ಐದು, ಯಾವ ಕ್ರಮದಲ್ಲಿ

ನನ್ನ ಸಲಹೆ, ಬಂದ ವರ್ಷದ ಕ್ರಮದಲ್ಲೇ ನೋಡಿ.

ಬೇಸಿಲ್ ರಾಥ್‌ಬೋನ್, 1939. ಕಪ್ಪು-ಬಿಳುಪು, 80 ನಿಮಿಷ. ರಾಥ್‌ಬೋನ್ 1946ರವರೆಗೆ ಒಟ್ಟು 14 ಹೋಮ್ಸ್ ಚಿತ್ರ ಮಾಡಿದರು. ಮೊದಲ ಎರಡು ಮಾತ್ರ ಹಳೇ ಕಾಲದ ಲಂಡನ್, ಉಳಿದ 12ರಲ್ಲಿ ಹೋಮ್ಸ್‌ನನ್ನು ಎತ್ತಿ ಆಗಿನ ಕಾಲಕ್ಕೇ ತಂದು ಕೂರಿಸಿದ್ದಾರೆ, ಕೆಲವದರಲ್ಲಿ ಅವನು ನಾಜಿಗಳ ಹಿಂದೆ ಬೀಳುತ್ತಾನೆ. ಹೋಮ್ಸ್‌ನನ್ನು ಮಾಡರ್ನ್ ಮಾಡಿದ್ದು ಕಂಬರ್‌ಬ್ಯಾಚ್ ಕಾಲದಲ್ಲೇ ಮೊದಲು ಅಂತ ಯಾರಾದರೂ ಹೇಳಿದರೆ ಇದನ್ನು ನೆನಪಿಸಿ.

ಪೀಟರ್ ಕುಶಿಂಗ್, 1959. ಬಣ್ಣದಲ್ಲಿ ಬಂದ ಮೊದಲ ಹೋಮ್ಸ್ ಚಿತ್ರ. ಹ್ಯಾಮರ್ ಕಂಪನಿಯದ್ದು, ಅವರು ಹೆಸರು ಮಾಡಿದ್ದೇ ದೆವ್ವ-ಭೂತದ ಚಿತ್ರಗಳಲ್ಲಿ, ಅದಕ್ಕೇ ಕಥೆಯಲ್ಲಿ ಇಲ್ಲದ ದೊಡ್ಡ ಜೇಡ ಒಂದು ಬಂದು ಸೇರಿಕೊಂಡಿದೆ.

ವಾಸಿಲಿ ಲಿವಾನೊವ್, 1981. ರಷ್ಯನ್. ಎರಡು ಭಾಗ, ಸುಮಾರು ಎರಡೂವರೆ ಗಂಟೆ. ನಮ್ಮ ಕಡೆ ಇದನ್ನು ನೋಡಿದವರು ಕಮ್ಮಿ, ಹೋಲಿಕೆಗೆ ಕೂತವರು ಮೊದಲು ಬಿಟ್ಟುಬಿಡುವುದೂ ಇದನ್ನೇ. ಬಿಡಬೇಡಿ.

ಜೆರೆಮಿ ಬ್ರೆಟ್, 1988. ಇಂಗ್ಲೆಂಡಿನ ಗ್ರನಾಡಾ ಟೆಲಿವಿಷನ್‌ನದ್ದು. 1984ರಿಂದ 1994ರವರೆಗೆ ಬ್ರೆಟ್ 41 ಕಂತು ಮಾಡಿದರು.

ಬೆನೆಡಿಕ್ಟ್ ಕಂಬರ್‌ಬ್ಯಾಚ್, 2012. ಬಿಬಿಸಿಯ 'ಷರ್ಲಾಕ್' ಸರಣಿಯ ಎರಡನೇ ಸೀಸನ್ನಿನ ಎರಡನೇ ಕಂತು, ಒಂದೂವರೆ ಗಂಟೆ. ಇಲ್ಲಿ ಕಥೆ ಈಗಿನ ಕಾಲದ್ದು, ಬಾಸ್ಕರ್‌ವಿಲ್ ಅನ್ನುವುದು ಮಿಲಿಟರಿ ಸಂಶೋಧನಾ ಕೇಂದ್ರ.

ಎಚ್ಚರಿಕೆಗಳು ಇಲ್ಲೇ ಹೇಳಿಬಿಡುತ್ತೇನೆ. ಡಬ್ ಆದ ಪ್ರತಿ ನೋಡಬೇಡಿ. ಹಾಸನದಲ್ಲಿರುವ ನಮ್ಮ ಭಾವ ಮೂರು ವಾರ ಇನ್ನೊಬ್ಬ ಹೋಮ್ಸ್ ರಾಬರ್ಟ್ ಡೌನಿಯ ಕಂಚಿನ ಕಂಠವನ್ನು ಹೊಗಳಿದ್ದೇ ಹೊಗಳಿದ್ದು, ಆಮೇಲೆ ಗೊತ್ತಾಯಿತು, ಅವರು ನೋಡಿದ್ದು ಹಿಂದಿ ಡಬ್ಬಿಂಗ್. ನಟನೆಯಲ್ಲಿ ಅರ್ಧ ಪಾಲು ಧ್ವನಿ. ಲಿವಾನೊವ್ ವಿಷಯದಲ್ಲಂತೂ ಅದು ಇನ್ನೂ ಮುಖ್ಯ. ಆ ಒರಟು ಗಂಟಲೇ ಅವರ ಆಸ್ತಿ, ರಷ್ಯಾದ ಮಕ್ಕಳ ಕಾರ್ಟೂನ್‌ಗಳಲ್ಲಿ ಗೆನಾ ಅನ್ನುವ ಮೊಸಳೆಗೆ ದನಿ ಕೊಟ್ಟವರೂ ಅವರೇ. ಹಾಗಾಗಿ ಮೂಲ ಧ್ವನಿ, ಕೆಳಗೆ ಸಬ್‌ಟೈಟಲ್. ಇನ್ನೊಂದು, ಹಳೇ ಕಪ್ಪು-ಬಿಳುಪು ಚಿತ್ರಕ್ಕೆ ಆಮೇಲೆ ಬಣ್ಣ ಬಳಿದ ಪ್ರತಿ ಸಿಕ್ಕರೆ ದೂರ ಇಡಿ. ಮುಖದ ನೆರಳು-ಬೆಳಕು ಎಲ್ಲ ಹಾಳಾಗಿ ರಾಥ್‌ಬೋನ್ ಮುಖ ಮೇಣದ ಬೊಂಬೆ ಥರ ಕಾಣುತ್ತದೆ. ಮೂರನೆಯದು, ಎರಡು ನಿಮಿಷದ ರೀಲ್ಸ್ ನೋಡಿ ತೀರ್ಮಾನ ಮಾಡಬೇಡಿ. ರೀಲ್ಸ್ ಮಾಡುವವರು ಕತ್ತರಿಸಿ ತೆಗೆಯುವುದು ಪಟಪಟ ಮಾತಿನ ಭಾಗ ಮಾತ್ರ, ನಮಗೆ ಬೇಕಾದ್ದು ಅದರ ಹಿಂದಿನ ಮೌನ.

3. ವಾರಕ್ಕೆ ಒಂದೇ

ಮೊದಲ ಸಲ ನಾವು ಶನಿವಾರ-ಭಾನುವಾರ ಎರಡೇ ದಿನದಲ್ಲಿ ಐದನ್ನೂ ನೋಡಿದೆವು. ಭಾನುವಾರ ರಾತ್ರಿ ಹೊತ್ತಿಗೆ ಯಾವ ಹೋಮ್ಸ್ ಯಾವ ಜೌಗಿನಲ್ಲಿ ಓಡಿದ ಅಂತ ಯಾರಿಗೂ ನೆನಪಿಲ್ಲ. ವಾರಕ್ಕೆ ಒಂದು. ನೋಡಿದ ರಾತ್ರಿಯೇ ಬರೆದಿಡಿ, ಹೋಮ್ಸ್‌ಗೆ ಹತ್ತಕ್ಕೆ ಎಷ್ಟು ಅಂತ ಅಂಕವನ್ನೂ ಹಾಕಿ. ಆಲ್ದೂರು, ಬಾಳೆಹೊನ್ನೂರು, ಮೂಡಿಗೆರೆ ಕಡೆಯವರು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಲ್ಯಾಪ್‌ಟಾಪ್ ಚಾರ್ಜ್ ಮಾಡಿಟ್ಟುಕೊಳ್ಳಿ. ಜುಲೈ ತಿಂಗಳಲ್ಲಿ ಗಾಳಿ ಬೀಸಿ ಕರೆಂಟ್ ಹೋಯಿತು ಅಂದರೆ ಬರುವುದು ಯಾವಾಗ ಅನ್ನುವುದು ಹೋಮ್ಸ್‌ಗೂ ಪತ್ತೆ ಆಗದ ವಿಷಯ.

4. ಟೋಪಿ, ಪೈಪು ಮರೆತುಬಿಡಿ

"ಅವನಿಗೆ ಆ ಟೋಪಿ ಎಷ್ಟು ಚೆನ್ನಾಗಿ ಒಪ್ಪುತ್ತದೆ ಅಲ್ವಾ!" ಅನ್ನುವ ಮಾತು ಬಂದರೆ ಅದನ್ನು ನೋಟ್‌ಬುಕ್ಕಿಗೆ ಸೇರಿಸಬೇಡಿ. ಕಿವಿಪಟ್ಟಿಯ ಆ ಡೀರ್‌ಸ್ಟಾಕರ್ ಟೋಪಿಯ ಹೆಸರನ್ನು ಡಾಯ್ಲ್ ಎಲ್ಲೂ ಬರೆದಿಲ್ಲ. ಬಟ್ಟೆ ಟೋಪಿ, ಕಿವಿ ಮುಚ್ಚುವ ಪ್ರಯಾಣದ ಟೋಪಿ ಅಂತ ಬರುತ್ತದೆ ಅಷ್ಟೇ, ಅದೂ ಊರಾಚೆ ಹೋಗುವಾಗ. ಅದಕ್ಕೆ ರೂಪ ಕೊಟ್ಟದ್ದು ಸ್ಟ್ರ್ಯಾಂಡ್ ಪತ್ರಿಕೆಗೆ ಚಿತ್ರ ಬರೆಯುತ್ತಿದ್ದ ಸಿಡ್ನಿ ಪ್ಯಾಜೆಟ್. ಬಾಗಿದ ಕೊಳವೆಯ ಪೈಪ್ ಬಂದದ್ದು ಅಮೆರಿಕದ ವಿಲಿಯಂ ಜಿಲೆಟ್ ಅನ್ನುವ ರಂಗನಟನಿಂದ. 1899ರಲ್ಲಿ ನಾಟಕ ಶುರು ಮಾಡಿದವರು, 1916ರಲ್ಲಿ ಅದನ್ನೇ ಮೂಕಿ ಚಿತ್ರ ಮಾಡಿದರು, ಆ ಚಿತ್ರ ಕಳೆದೇ ಹೋಗಿತ್ತು, 2014ರಲ್ಲಿ ಪ್ಯಾರಿಸ್ಸಿನ ಫಿಲ್ಮ್ ಭಂಡಾರದಲ್ಲಿ ಸಿಕ್ಕಿತು. ಇನ್ನು "ಎಲಿಮೆಂಟರಿ, ಮೈ ಡಿಯರ್ ವ್ಯಾಟ್ಸನ್" ಅನ್ನುವ ಮಾತು, ಆ ಪೂರ್ತಿ ಸಾಲು 60 ಕಥೆಗಳಲ್ಲಿ ಎಲ್ಲೂ ಇಲ್ಲ.

ಟೋಪಿ, ಪೈಪು, ಕೋಟು ಇದೆಲ್ಲ ಯಾರು ಹಾಕಿಕೊಂಡರೂ ಹೋಮ್ಸ್ ಥರ ಕಾಣುತ್ತಾರೆ. ಯಕ್ಷಗಾನದಲ್ಲಿ ಕಿರೀಟ ಕಟ್ಟಿದವರೆಲ್ಲ ಅರ್ಜುನ ಆಗಿಬಿಡುತ್ತಾರಾ?

5. ಒಂದು ದೃಶ್ಯ ಹಿಡಿದು ಕೂರಿ

ಇದೇ ಮುಖ್ಯ ಹಂತ. ಪೂರ್ತಿ ಸಿನಿಮಾ ಒಂದು ಸಲ ಸುಮ್ನೆ ನೋಡಿ ಮುಗಿಸಿ. ಆಮೇಲೆ ವಾಪಸ್ ಬಂದು ಎರಡು ದೃಶ್ಯಗಳನ್ನು ಮಾತ್ರ ಎರಡು-ಮೂರು ಸಲ ನೋಡಿ.

ಮೊದಲನೆಯದು ಊರುಗೋಲಿನ ದೃಶ್ಯ. ಕಾದಂಬರಿ ಶುರುವಾಗುವುದೇ ಅದರಿಂದ. ಹಿಂದಿನ ರಾತ್ರಿ ಬಂದ ಯಾರೋ ಊರುಗೋಲು ಮರೆತು ಹೋಗಿದ್ದಾರೆ. ಹೋಮ್ಸ್ ತಿಂಡಿಗೆ ಕೂತಿದ್ದಾನೆ, ವ್ಯಾಟ್ಸನ್‌ಗೆ ಅವನ ಬೆನ್ನು ಕಾಣುತ್ತಿದೆ. ವ್ಯಾಟ್ಸನ್ ಕೋಲನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಾನೆ. ಹೋಮ್ಸ್ ತಿರುಗದೆಯೇ ಕೇಳುತ್ತಾನೆ, ಏನನಿಸುತ್ತದೆ ವ್ಯಾಟ್ಸನ್ ಅದನ್ನು ನೋಡಿದರೆ, ಅಂತ. ಇವನಿಗೇನು ಬೆನ್ನಲ್ಲೂ ಕಣ್ಣಿದೆಯಾ? ಇಲ್ಲ. ಎದುರಿಗೆ ಫಳಫಳ ಉಜ್ಜಿಟ್ಟ ಬೆಳ್ಳಿ ಲೇಪದ ಕಾಫಿ ಪಾಟ್ ಇದೆ, ಅದರಲ್ಲಿ ಪ್ರತಿಬಿಂಬ ಕಾಣುತ್ತಿದೆ. (ಟೀ ದೇಶದವರ ಕಥೆಯಲ್ಲಿ ಪತ್ತೇದಾರಿ ಶುರುವಾಗುವುದು ಕಾಫಿ ಪಾತ್ರೆಯಿಂದ. ಚಿಕ್ಕಮಗಳೂರಿನವರು ಇದನ್ನು ಸುಮ್ಮನೆ ದಾಟಿ ಹೋಗುವ ಹಾಗಿಲ್ಲ.)

ಆಮೇಲೆ ವ್ಯಾಟ್ಸನ್ ತನಗೆ ತೋಚಿದ್ದು ಹೇಳುತ್ತಾನೆ. ವಯಸ್ಸಾದ ಹಳ್ಳಿ ಡಾಕ್ಟರು, ಜಾಸ್ತಿ ನಡೆಯುವವರು, ಯಾವುದೋ ಬೇಟೆ ಸಂಘದವರು ಕೊಟ್ಟ ಉಡುಗೊರೆ. ಹೋಮ್ಸ್ ಬಾಯ್ತುಂಬ ಹೊಗಳುತ್ತಾನೆ. ವ್ಯಾಟ್ಸನ್ ಉಬ್ಬುತ್ತಾನೆ. ತಕ್ಷಣ ಹೋಮ್ಸ್ ಹೇಳುತ್ತಾನೆ, ನೀನು ಹೇಳಿದ್ದು ಹೆಚ್ಚಿನದೆಲ್ಲ ತಪ್ಪು, ಆದರೆ ನಿನ್ನ ತಪ್ಪು ನೋಡಿ ನೋಡಿಯೇ ನಾನು ಸರಿ ದಾರಿ ಹಿಡಿಯುತ್ತೇನೆ ಅಂತ. ಡಾಕ್ಟರು ಮೂವತ್ತರ ಒಳಗಿನವನು, ಮರೆವಿನವನು, ಒಂದು ನಾಯಿ ಸಾಕಿದ್ದಾನೆ, ಕೋಲಿನ ಮೇಲೆ ಅದರ ಹಲ್ಲಿನ ಗುರುತು ಇದೆ.

ಈಗ ನೋಡಬೇಕಾದ್ದು ಇಷ್ಟು. ವ್ಯಾಟ್ಸನ್ ತಪ್ಪು ತಪ್ಪಾಗಿ ಹೇಳುತ್ತಿರುವಾಗ ಹೋಮ್ಸ್ ಮುಖ ಹೇಗಿದೆ? ಚೇಷ್ಟೆಯೋ, ತಾತ್ಸಾರವೋ, ಪ್ರೀತಿಯೋ? ರಾಥ್‌ಬೋನ್, ಲಿವಾನೊವ್, ಬ್ರೆಟ್ ಮೂವರಲ್ಲೂ ಈ ದೃಶ್ಯ ಇದೆ, ಮೂವರಲ್ಲೂ ಬೇರೆ ಬೇರೆ. ರಾಥ್‌ಬೋನ್ ಬುದ್ಧಿವಂತ ಮೇಷ್ಟ್ರ ಥರ, ಉತ್ತರ ಗೊತ್ತಿದ್ದೂ ಹುಡುಗನ ಬಾಯಿಂದ ಬರಲಿ ಅಂತ ಕಾಯುವವರು. ಲಿವಾನೊವ್ ಹಳೇ ಗೆಳೆಯನ ಕಾಲೆಳೆಯುವವರು, ಚುಚ್ಚಿದರೂ ಗಾಯ ಆಗುವುದಿಲ್ಲ. ಬ್ರೆಟ್ ಆಡುವುದು ತನ್ನ ಖುಷಿಗೆ. ಬ್ರೆಟ್ ಮುಖದಲ್ಲಿ ನಗು ಮಿಂಚಿ ಮಾಯವಾಗುವುದು ಎಷ್ಟು ಬೇಗ ಅಂದರೆ, ನಕ್ಕರಾ ಅಂತ ನೀವು ಹಿಂದೆ ಹೋಗಿ ನೋಡಬೇಕು.

ಎರಡನೆಯದು ಹೆಜ್ಜೆ ಗುರುತಿನ ದೃಶ್ಯ. ಊರುಗೋಲು ಮರೆತ ಡಾಕ್ಟರ್ ಮಾರ್ಟಿಮರ್ ಬಂದು ಬಾಸ್ಕರ್‌ವಿಲ್ ಮನೆತನದ ಸರ್ ಚಾರ್ಲ್ಸ್ ಸತ್ತ ಕಥೆ ಹೇಳುತ್ತಾನೆ. ಶವದಿಂದ ಸ್ವಲ್ಪ ದೂರದಲ್ಲಿ ಹೆಜ್ಜೆ ಗುರುತು ಇತ್ತು. ಗಂಡಸಿನದ್ದೋ ಹೆಂಗಸಿನದ್ದೋ ಅಂತ ಹೋಮ್ಸ್ ಕೇಳುತ್ತಾನೆ. ದೊಡ್ಡ ಬೇಟೆನಾಯಿಯದ್ದು, ಅನ್ನುತ್ತಾನೆ ಮಾರ್ಟಿಮರ್. ಆ ಮಾತು ಕೇಳಿದ ಮೇಲೆ ಹೋಮ್ಸ್ ಮುಂದಕ್ಕೆ ಬಾಗುತ್ತಾನೆ, ಕಣ್ಣು ಹೊಳೆಯುತ್ತದೆ ಅಂತ ಡಾಯ್ಲ್ ಬರೆದಿದ್ದಾರೆ. ಅಷ್ಟೇ. ಕೂಗಿಲ್ಲ, ಎದ್ದು ಓಡಾಟ ಇಲ್ಲ.

ಮಲೆನಾಡಿನವರಿಗೆ ಈ ದೃಶ್ಯ ಬೇರೆಯವರಿಗಿಂತ ಹತ್ತಿರ. ತೋಟದ ಕಾಲುದಾರಿಯಲ್ಲಿ ದೊಡ್ಡ ಹೆಜ್ಜೆ ಕಂಡಿತು ಅಂತ ಯಾರಾದರೂ ಓಡಿ ಬಂದರೆ ತೋಟದ ರೈಟರ್ ಮೊದಲು ಕೇಳುವುದು, ಉಗುರು ಬಿದ್ದಿದೆಯಾ ಅಂತ. ಉಗುರಿನ ಗುರುತು ಇದ್ದರೆ ನಾಯಿ ಜಾತಿ, ಇಲ್ಲದಿದ್ದರೆ ಚಿರತೆ ಇರಬಹುದು, ಚಿರತೆ ನಡೆಯುವಾಗ ಉಗುರು ಒಳಗೆ ಎಳೆದುಕೊಂಡಿರುತ್ತದೆ. ಕೇಳುವಾಗ ಅವರ ಮುಖ ನೋಡಿದ್ದೀರಾ? ಗಾಬರಿ ಇರುವುದಿಲ್ಲ, ಆದರೆ ಕೈಯಲ್ಲಿದ್ದ ಲೆಕ್ಕದ ಪುಸ್ತಕ ಮುಚ್ಚಿರುತ್ತಾರೆ. ನನಗೆ ಹೋಮ್ಸ್‌ನಲ್ಲಿ ಬೇಕಾದ್ದು ಆ ಪುಸ್ತಕ ಮುಚ್ಚುವ ಕ್ಷಣ. ಐದೂ ಚಿತ್ರದಲ್ಲಿ ಅದನ್ನು ಹುಡುಕಿ.

ಕಂಬರ್‌ಬ್ಯಾಚ್ ಕಂತಿನಲ್ಲಿ ಈ ಜಾಗ ನಿಜಕ್ಕೂ ಸೊಗಸಾಗಿದೆ. ಊರುಗೋಲಿನ ದೃಶ್ಯ ಅಲ್ಲಿಲ್ಲ. ಸಿಗರೇಟ್ ಬಿಟ್ಟು ಒದ್ದಾಡುತ್ತಿರುವ ಷರ್ಲಾಕ್ ಎದುರಿಗೆ ಹೆನ್ರಿ ಅನ್ನುವ ಹುಡುಗ ಕೂತು ಕಥೆ ಹೇಳುತ್ತಾನೆ, ಷರ್ಲಾಕ್‌ಗೆ ಬೋರ್, ಹೆನ್ರಿಯ ಸಿಗರೇಟ್ ಹೊಗೆ ಎಳೆದುಕೊಳ್ಳುವುದರಲ್ಲೇ ಇವನ ಗಮನ ಎಲ್ಲ. ಎದ್ದು ಹೋಗಲು ಹೊರಟ ಹೆನ್ರಿ ಹೆಜ್ಜೆ ಗುರುತಿನ ಬಗ್ಗೆ ಒಂದು ಮಾತು ಹೇಳುತ್ತಾನೆ, ಷರ್ಲಾಕ್ ತಡೆದು ಅದೇ ಮಾತನ್ನು ಅದೇ ಪದಗಳಲ್ಲಿ ಮತ್ತೆ ಹೇಳಿಸುತ್ತಾನೆ. ಯಾಕೆ? ಹುಡುಗ ಸಾಮಾನ್ಯವಾಗಿ ಎಲ್ಲರೂ ಹೇಳುವ 'ಡಾಗ್' ಅನ್ನಲಿಲ್ಲ, 'ಹೌಂಡ್' ಅಂದ. ಇದು ಕನ್ನಡ ಸಬ್‌ಟೈಟಲ್‌ಗೆ ಇಳಿಯುವುದು ಕಷ್ಟ, ನಮಗೆ ಎರಡೂ ನಾಯಿಯೇ. ಹೀಗೆ ಅಂದುಕೊಳ್ಳಿ: ಜೀನ್ಸ್ ಹಾಕಿದ ಹುಡುಗ ಒಬ್ಬ ನಿಮ್ಮ ಮನೆಗೆ ಬಂದು, ಮಾತಿನ ಮಧ್ಯೆ ಗಂಭೀರವಾಗಿ, "ಅಲ್ಲಿ ಬೃಹತ್ ಶ್ವಾನದ ಹೆಜ್ಜೆ ಇತ್ತು" ಅಂದರೆ ನಿಮಗೆ ಏನನಿಸುತ್ತದೆ? ಅದೇ. ಆ ಪದ ಯಾಕೆ ಬಂತು ಅನ್ನುವುದು ಕಂತಿನ ಕೊನೆಗೆ ಗೊತ್ತಾಗುತ್ತದೆ, ನಾನು ಹೇಳುವುದಿಲ್ಲ. ಕಂಬರ್‌ಬ್ಯಾಚ್ ಬಗ್ಗೆ ನನಗೆ ತಕರಾರು ಬಹಳ ಇದೆ, ಆದರೆ ಒಂದು ಪದ ಕಿವಿಗೆ ಬಿದ್ದು ಇಡೀ ಮೈ ಎಚ್ಚರವಾಗುವುದನ್ನು ಅವರಷ್ಟು ಚೊಕ್ಕಟವಾಗಿ ಮಾಡಿದವರು ಕಮ್ಮಿ.

6. ವ್ಯಾಟ್ಸನ್‌ಗೂ ಅಂಕ ಕೊಡಿ

ಹೌಂಡ್ ಕಥೆಯಲ್ಲಿ ಒಂದು ತೊಡಕಿದೆ. 15 ಅಧ್ಯಾಯಗಳಲ್ಲಿ ನಡುವಿನ ಸುಮಾರು ಆರು ಅಧ್ಯಾಯ ಹೋಮ್ಸ್ ಕಾಣಿಸುವುದೇ ಇಲ್ಲ, ಎಲ್ಲ ವ್ಯಾಟ್ಸನ್ ತಲೆ ಮೇಲೆ. ವ್ಯಾಟ್ಸನ್ ಗಟ್ಟಿ ಇಲ್ಲದಿದ್ದರೆ ಚಿತ್ರದ ಸೊಂಟವೇ ಮುರಿಯುತ್ತದೆ.

ಪುಸ್ತಕದ ವ್ಯಾಟ್ಸನ್ ದಡ್ಡ ಅಲ್ಲ. ಆಫ್ಘಾನಿಸ್ತಾನದಲ್ಲಿ 1880ರ ಮೈವಾಂಡ್ ಕಾಳಗದಲ್ಲಿ ಗುಂಡೇಟು ತಿಂದ ಮಿಲಿಟರಿ ಡಾಕ್ಟರ್. ರಾಥ್‌ಬೋನ್ ಜೊತೆಗಿದ್ದ ನೈಜಲ್ ಬ್ರೂಸ್ ಇವನನ್ನು ಗೊಣಗುವ, ತಬ್ಬಿಬ್ಬಾಗುವ ಮುದುಕಪ್ಪನನ್ನಾಗಿ ಮಾಡಿಬಿಟ್ಟರು. ನಗು ಬರುತ್ತದೆ, ಒಪ್ಪುತ್ತೇನೆ. ಆದರೆ ಪಕ್ಕದಲ್ಲಿರುವವನು ಪೆದ್ದನಾದರೆ ಹೋಮ್ಸ್ ಬುದ್ಧಿವಂತ ಅಂತ ತೋರಿಸುವುದಕ್ಕೆ ಕಷ್ಟ ಪಡಬೇಕಾಗಿಲ್ಲ ಅಲ್ವಾ? ಇಪ್ಪತ್ತು ವರ್ಷ ನಂತರ ಕುಶಿಂಗ್ ಜೊತೆಗೆ ಬಂದ ಆಂಡ್ರೆ ಮೊರೆಲ್ ಈ ತಮಾಷೆ ಬಿಟ್ಟು ಮರ್ಯಾದಸ್ಥ ಡಾಕ್ಟರ್ ಆದರು. ಬ್ರೆಟ್‌ಗೆ ಇಬ್ಬರು ವ್ಯಾಟ್ಸನ್, ಮೊದಲ 13 ಕಂತಿಗೆ ಡೇವಿಡ್ ಬರ್ಕ್, ಆಮೇಲೆ ಎಡ್ವರ್ಡ್ ಹಾರ್ಡ್‌ವಿಕ್. ಹೌಂಡ್‌ನಲ್ಲಿ ಇರುವುದು ಹಾರ್ಡ್‌ವಿಕ್, ಸಮಾಧಾನದ ಮನುಷ್ಯ, ಬ್ರೆಟ್ ಪಕ್ಕದಲ್ಲಿ ಅಂಥವರೇ ಬೇಕು. ಕಂಬರ್‌ಬ್ಯಾಚ್ ಜೊತೆಗಿನ ಮಾರ್ಟಿನ್ ಫ್ರೀಮನ್ ಕೂಡ ಆಫ್ಘಾನಿಸ್ತಾನದಿಂದ ಬಂದ ಡಾಕ್ಟರೇ, ಕಾಲ ಬದಲಾದರೂ ಆ ಯುದ್ಧದ ಹೆಸರು ಬದಲಾಗಲಿಲ್ಲ ನೋಡಿ.

ನನ್ನ ಪ್ರಕಾರ ಹೌಂಡ್ ಮಟ್ಟಿಗೆ ಜೋಡಿಯಲ್ಲಿ ಮೊದಲ ಸ್ಥಾನ ಲಿವಾನೊವ್ ಮತ್ತು ವಿಟಾಲಿ ಸೊಲೊಮಿನ್ ಅವರಿಗೆ. ಇಬ್ಬರೂ ಒಂದೇ ಮನೆಯಲ್ಲಿ ವರ್ಷಗಟ್ಟಲೆ ಇದ್ದವರ ಥರ ಕಾಣುತ್ತಾರೆ. ಮಾಸ್ಕೋದಲ್ಲಿ ಬ್ರಿಟಿಷ್ ರಾಯಭಾರ ಕಚೇರಿ ಹತ್ತಿರ 2007ರಲ್ಲಿ ಹೋಮ್ಸ್-ವ್ಯಾಟ್ಸನ್ ಪ್ರತಿಮೆ ನಿಲ್ಲಿಸಿದರು, ಮುಖ ಇವರಿಬ್ಬರದ್ದೇ. ಲಿವಾನೊವ್‌ಗೆ ಬ್ರಿಟನ್ ಸರ್ಕಾರದಿಂದ ಗೌರವ ಪುರಸ್ಕಾರವೂ ಬಂತು.

7. ನಟನೆ ಯಾವುದು, ಕ್ಯಾಮೆರಾ ಯಾವುದು

ಬಿಬಿಸಿ ಸರಣಿಯಲ್ಲಿ ಹೋಮ್ಸ್ ನೋಡುತ್ತಿದ್ದ ಹಾಗೆ ಪರದೆ ಮೇಲೆ ಅಕ್ಷರಗಳು ತೇಲುತ್ತವೆ. ನಮಗೆ ಅವನ ತಲೆಯೊಳಗೆ ಹೊಕ್ಕ ಅನುಭವ. ಇದು ನಿರ್ದೇಶಕರ, ಎಡಿಟರ್‌ಗಳ ಕೆಲಸ, ಅಂಕ ಅವರಿಗೆ ಕೊಡಿ. ರಾಥ್‌ಬೋನ್‌ಗೆ ಆ ಸೌಲಭ್ಯ ಇರಲಿಲ್ಲ, ಅವರು ಎಲ್ಲವನ್ನೂ ಕಣ್ಣು ಮತ್ತು ಉಚ್ಚಾರದಲ್ಲೇ ಮಾಡಬೇಕಿತ್ತು.

ಹಾಗೇ ಸೆಟ್ಟಿನ ತಪ್ಪನ್ನು ನಟನ ತಲೆಗೆ ಕಟ್ಟಬೇಡಿ. 1939ರ ಜೌಗು ಬಯಲು ಪೂರ್ತಿ ಸ್ಟುಡಿಯೋ ಒಳಗೆ ಕಟ್ಟಿದ್ದು. ಮುಳ್ಳಯ್ಯನಗಿರಿಯ ಮಂಜು ನೋಡಿದ ಕಣ್ಣಿಗೆ ಆ ಮಂಜು ಮೊದಲ ನಿಮಿಷದಲ್ಲೇ ಸಿಕ್ಕಿಬೀಳುತ್ತದೆ, ನಿಜವಾದ ಮಂಜು ಬೀಸಿಕೊಂಡು ಬಂದು ಮುಖಕ್ಕೆ ಹೊಡೆಯುತ್ತದೆ, ಇದು ಮೊಣಕಾಲ ಹತ್ತಿರ ಸಾಕಿದ ಬೆಕ್ಕಿನ ಥರ ಸುತ್ತುತ್ತದೆ. ರಷ್ಯನ್ನರು ಎಸ್ಟೋನಿಯಾದ ನಿಜವಾದ ಜೌಗಿಗೇ ಹೋಗಿ ಚಿತ್ರೀಕರಿಸಿದರು, ವ್ಯತ್ಯಾಸ ಗೊತ್ತಾಗುತ್ತದೆ. ಹಾಗಂತ ಲಿವಾನೊವ್‌ಗೆ ಎರಡು ಅಂಕ ಜಾಸ್ತಿ ಕೊಟ್ಟರೆ ಅದು ಜೌಗಿಗೆ ಕೊಟ್ಟ ಅಂಕ.

ಇಲ್ಲಿ ಇನ್ನೊಂದು ಗುಂಡಿ ಇದೆ, ಒರಟುತನವನ್ನೇ ಬುದ್ಧಿ ಅಂದುಕೊಳ್ಳುವುದು. ಎದುರಿಗಿರುವವರನ್ನು ಹೀಯಾಳಿಸಿದಷ್ಟೂ ಹೋಮ್ಸ್ ಜಾಣನಾಗಿ ಕಾಣುತ್ತಾನೆ ಅನ್ನುವುದು ಈಚಿನ ಚಾಳಿ, ಕಂಬರ್‌ಬ್ಯಾಚ್ ಬಗ್ಗೆ ನನ್ನ ತಕರಾರು ಇದೇ. ಕೆಂಪು ಇಂಕಲ್ಲಿ ಬರೆದದ್ದನ್ನು ಈಗ ತೆಗೆದು ನೋಡಿ. ಪ್ರತಿ ಹೋಮ್ಸ್ ಬಾಗಿಲಿಗೆ ಬಂದವರನ್ನು ಕೂರಿಸುವ ರೀತಿ ಒಂದು ಸಾಲಲ್ಲಿ ಬರೆಯಿರಿ.

8. ಸೋಲುವಾಗ ಹೇಗೆ?

ಹೌಂಡ್ ಮುಗಿದ ಮೇಲೆ ಇನ್ನೊಂದು ಕಥೆ, 'ಎ ಸ್ಕ್ಯಾಂಡಲ್ ಇನ್ ಬೊಹಿಮಿಯಾ', 1891ರದ್ದು. ಇದು ಹೋಮ್ಸ್‌ನ ಮೊದಲ ಸಣ್ಣ ಕಥೆ. ಐರೀನ್ ಆ್ಯಡ್ಲರ್ ಅನ್ನುವ ಗಾಯಕಿ ಅವನಿಗೆ ಚಳ್ಳೆಹಣ್ಣು ತಿನ್ನಿಸಿ ಹೋಗುತ್ತಾಳೆ, ಅವನು ಸಂಭಾವನೆಯಾಗಿ ಅವಳ ಫೋಟೋ ಒಂದನ್ನು ಮಾತ್ರ ಕೇಳಿ ಇಟ್ಟುಕೊಳ್ಳುತ್ತಾನೆ. ಗೆಲ್ಲುವ ಮುಖ ಎಲ್ಲರಿಗೂ ಬರುತ್ತದೆ, ಸೋತ ಮುಖದಲ್ಲಿ ನಟ ಗೊತ್ತಾಗುತ್ತಾನೆ.

1984ರಲ್ಲಿ ಬ್ರೆಟ್ ಸರಣಿ ಶುರುವಾಗಿದ್ದೇ ಈ ಕಥೆಯಿಂದ. ಪಾತ್ರ ಒಪ್ಪಿಕೊಂಡ ಮೇಲೆ ಅವರು ಹೋಮ್ಸ್ ಹೇಗೆ ತಿನ್ನುತ್ತಾನೆ, ಹೇಗೆ ಕೂರುತ್ತಾನೆ ಅಂತೆಲ್ಲ ಕಥೆಗಳಿಂದ ಹೆಕ್ಕಿ 77 ಪುಟದ ಟಿಪ್ಪಣಿಯನ್ನೇ ಜೊತೆಗಿಟ್ಟುಕೊಂಡಿದ್ದರು. ಬೆರಳ ತುದಿಗೆ ಬೆರಳ ತುದಿ ತಾಗಿಸಿ, ಕಣ್ಣು ಮುಚ್ಚಿ ಕೇಳುವುದು ಡಾಯ್ಲ್ ಬರೆದದ್ದೇ, ಆದರೆ ಬ್ರೆಟ್ ಮಾಡಿದಾಗ ಮುಚ್ಚಿದ ರೆಪ್ಪೆಯ ಹಿಂದೆ ಏನೋ ಓಡುತ್ತಿರುವುದು ಕಾಣುತ್ತದೆ. ಬಿಬಿಸಿಯ 2012ರ ರೂಪದಲ್ಲಿ ಕೊನೆಗೆ ಗೆಲ್ಲುವುದು ಷರ್ಲಾಕ್. ಮೂಲದಲ್ಲಿ ಗೆದ್ದ ಹೆಂಗಸನ್ನು ನೂರಿಪ್ಪತ್ತು ವರ್ಷ ಆದ ಮೇಲೆ ಸೋಲಿಸಿದ್ದು ಯಾಕೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅದು ಬರೆದವರ ತೀರ್ಮಾನ, ಕಂಬರ್‌ಬ್ಯಾಚ್ ಅಂಕ ಕಡಿಯಬೇಡಿ.

ಬ್ರೆಟ್ ಬಗ್ಗೆ ಒಂದು ಮಾತು. ಅವರ ಮೊದಲ ಎರಡು ವರ್ಷದ ಕಂತು ನೋಡಿಯೇ ಅಳೆಯಿರಿ. ಆಮೇಲೆ ಅವರಿಗೆ ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ವಿಪರೀತ ಏರಿ ವಿಪರೀತ ಇಳಿಯುವ ತೊಂದರೆ, ಜೊತೆಗೆ ಹೃದಯದ ಸಮಸ್ಯೆ. ಔಷಧಿಯಿಂದ ಮುಖ, ಮೈ ಊದಿಕೊಂಡಿತು. 1995ರಲ್ಲಿ ತೀರಿಕೊಂಡರು. 1994ರ ಕಂತಿನಲ್ಲಿ ಉಸಿರಿಗೆ ಕಷ್ಟಪಡುವುದು ಕಂಡರೆ ಅದು ನಟನೆಯ ದೋಷ ಅಲ್ಲ. 1988ರ ಹೌಂಡ್ ಕೂಡ ಅವರ ಅತ್ಯುತ್ತಮ ಕೆಲಸ ಅಲ್ಲ ಅಂತಲೇ ನನ್ನ ಅಭಿಪ್ರಾಯ.

9. ಉಳಿದವರು

"ಡೌನಿ ಎಲ್ಲಿ ಹೋದ?" ಅಂತ ಕೇಳುತ್ತೀರಿ, ಗೊತ್ತು. 2009 ಮತ್ತು 2011ರ ಆ ಎರಡು ಚಿತ್ರಕ್ಕೆ ಮೂಲ ಕಥೆ ಇಲ್ಲ, ಹೊಸದಾಗಿ ಹೆಣೆದದ್ದು, ಹಾಗಾಗಿ ಈ ಪಟ್ಟಿಯಲ್ಲಿ ಕೂರುವುದಿಲ್ಲ. ಹೋಮ್ಸ್ ಹೊಡೆದಾಡುತ್ತಾನಾ ಅಂತ ಮೂಗು ಮುರಿಯುವವರು ತಿಳಿದಿರಲಿ, ಪುಸ್ತಕದಲ್ಲೂ ಅವನು ಬಾಕ್ಸಿಂಗ್, ಕೋಲುವರಸೆ ಬಲ್ಲವನೇ. ಜಾನಿ ಲೀ ಮಿಲ್ಲರ್ 2012ರಿಂದ 2019ರವರೆಗೆ 'ಎಲಿಮೆಂಟರಿ' ಸರಣಿಯಲ್ಲಿ 154 ಕಂತು ಮಾಡಿದರು, ನ್ಯೂಯಾರ್ಕ್‌ನಲ್ಲಿ, ಲೂಸಿ ಲ್ಯೂ ಅಲ್ಲಿ ವ್ಯಾಟ್ಸನ್. ಚಟ ಬಿಡುವ ಕಷ್ಟವನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸಿದ ಹೋಮ್ಸ್ ಇನ್ನೊಬ್ಬನಿಲ್ಲ. 2011ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನ 'ಫ್ರಾಂಕನ್‌ಸ್ಟೈನ್' ನಾಟಕದಲ್ಲಿ ಇದೇ ಮಿಲ್ಲರ್ ಮತ್ತು ಕಂಬರ್‌ಬ್ಯಾಚ್ ಇಬ್ಬರೂ ವಿಜ್ಞಾನಿ ಮತ್ತು ಅವನು ಸೃಷ್ಟಿಸಿದ ಜೀವಿಯ ಪಾತ್ರವನ್ನು ಅದಲು ಬದಲು ಮಾಡಿಕೊಂಡು ಆಡಿದ್ದರು. ಎರಡೂ ರೂಪದ ಚಿತ್ರೀಕರಣ ಇದೆ, ಇಬ್ಬರು ನಟರನ್ನು ಹೋಲಿಸುವುದಕ್ಕೆ ಇದಕ್ಕಿಂತ ನೇರ ದಾರಿ ಇಲ್ಲ. ಇಯಾನ್ ಮೆಕೆಲನ್ 2015ರಲ್ಲಿ 93 ವರ್ಷದ, ಜೇನು ಸಾಕುವ, ನೆನಪು ಮಾಸುತ್ತಿರುವ ಹೋಮ್ಸ್ ಆದರು. ಅದನ್ನು ಯಾರ ಜೊತೆಗೂ ಹೋಲಿಸಬೇಡಿ, ಸುಮ್ಮನೆ ನೋಡಿ.

ನಮ್ಮ ದೇಶದ್ದೇ ಬೇಕು ಅಂದರೆ ಇದೇ ಕ್ರಮವನ್ನು ಬಂಗಾಳದ ಪತ್ತೇದಾರ ಬ್ಯೋಮಕೇಶ್ ಬಕ್ಷಿಗೆ ಹಚ್ಚಿ. 1967ರಲ್ಲಿ ಸತ್ಯಜಿತ್ ರಾಯ್ ಚಿತ್ರದಲ್ಲಿ ಉತ್ತಮ್ ಕುಮಾರ್, 1993ರಲ್ಲಿ ದೂರದರ್ಶನದಲ್ಲಿ ರಜಿತ್ ಕಪೂರ್, 2015ರಲ್ಲಿ ಸುಶಾಂತ್ ಸಿಂಗ್ ರಜಪೂತ್. ಕೇಳಿಸಿಕೊಳ್ಳುವುದರಲ್ಲಿ ರಜಿತ್ ಕಪೂರ್ ಅವರನ್ನು ನಾನು ಬ್ರೆಟ್ ಪಕ್ಕದಲ್ಲೇ ಕೂರಿಸುತ್ತೇನೆ.

10. ಮೊದಲು ನೋಡಿದ್ದನ್ನು ಮತ್ತೆ ನೋಡಿ

ಇದನ್ನು ಯಾರೂ ಮಾಡುವುದಿಲ್ಲ. ಮೊದಲ ವಾರ ರಾಥ್‌ಬೋನ್‌ಗೆ ಅಂಕ ಕೊಟ್ಟಾಗ ನಿಮ್ಮ ಹತ್ತಿರ ತೂಕದ ಕಲ್ಲೇ ಇರಲಿಲ್ಲ, ಕೊನೆಯವರಿಗೆ ಕೊಡುವಾಗ ನಾಲ್ಕು ಕಲ್ಲು ಇತ್ತು. ಜೊತೆಗೆ, ನಾವು ಚಿಕ್ಕಂದಿನಲ್ಲಿ ಮೊದಲು ನೋಡಿದ ಹೋಮ್ಸ್ ಅಥವಾ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಓದುತ್ತಾ ತಲೆಯಲ್ಲಿ ಕಟ್ಟಿಕೊಂಡ ಪತ್ತೇದಾರನ ಮುಖ ಒಂದು ಅಡ್ಡ ನಿಂತಿರುತ್ತದೆ, ಐದಾರು ವಾರ ಆದ ಮೇಲೆ ಅದು ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ. ಹಾಗಾಗಿ ಕೊನೆಯ ವಾರ 1939ರ ಊರುಗೋಲು ಮತ್ತು ಹೆಜ್ಜೆ ಗುರುತಿನ ದೃಶ್ಯ ಎರಡನ್ನು ಮಾತ್ರ ಮತ್ತೆ ಹಾಕಿ, ಹಳೇ ಅಂಕ ನೋಡದೆ ಹೊಸದಾಗಿ ಬರೆಯಿರಿ, ಆಮೇಲೆ ಪುಟ ತಿರುಗಿಸಿ. ನಾನು ಮೊದಲು ಹತ್ತಕ್ಕೆ ಆರು ಕೊಟ್ಟಿದ್ದೆ. ಎರಡನೇ ಸಲ ಎಂಟೂವರೆ ಬಂತು, ಅರ್ಧ ಕಡಿದದ್ದು ನೈಜಲ್ ಬ್ರೂಸ್ ಮೇಲಿನ ಸಿಟ್ಟಿಗೆ.